ತರಗತಿ ಮುಗಿದ ಮೇಲೆ ಅಂಕ ಏರಿದರೆ ಔಷಧ ಸುರಕ್ಷತೆ ಕಲಿತ ಹಾಗಾ?

ಹೊಸಪುಟ:

ಎಲ್ಲರಿಗೂ ನಮಸ್ಕಾರ. ನಾನು ಫಾರ್ಮಸಿ ಪ್ರಾಕ್ಟೀಸ್‌ನಲ್ಲಿ ಸ್ನಾತಕೋತ್ತರ ಓದುತ್ತಿದ್ದೇನೆ. ಪ್ರಬಂಧದ ವಿಷಯ ಹೆಚ್ಚುಕಡಿಮೆ ಗಟ್ಟಿಯಾಗಿದೆ. ಔಷಧ ಬರೆಯುವಾಗ, ಕೊಡುವಾಗ ಆಗುವ ತಪ್ಪುಗಳ ಬಗ್ಗೆ, ಅಂದ್ರೆ ಮೆಡಿಕೇಶನ್ ಎರರ್ ಬಗ್ಗೆ, ಫಾರ್ಮಸಿ ವಿದ್ಯಾರ್ಥಿಗಳಿಗೆ ಹೇಗೆ ಕಲಿಸಿದರೆ ಉಪಯೋಗ ಆಗುತ್ತದೆ ಅನ್ನುವುದು. ಅಧ್ಯಯನವನ್ನು ಹೇಗೆ ಮಾಡಬೇಕು ಅನ್ನುವಲ್ಲಿ ಮಾತ್ರ ನಿಂತುಬಿಟ್ಟಿದ್ದೇನೆ.

ಸದ್ಯದ ಯೋಜನೆ ಹೀಗಿದೆ. ಒಂದು ಬ್ಯಾಚ್, ಸುಮಾರು 60 ವಿದ್ಯಾರ್ಥಿಗಳು. ಮೊದಲು 30 ಪ್ರಶ್ನೆಗಳ ಒಂದು ಪ್ರಿ-ಟೆಸ್ಟ್. ಆಮೇಲೆ ಒಂದು ಗಂಟೆ ಸ್ಲೈಡ್ ಹಾಕಿ ಪಾಠ. ಪಾಠ ಮುಗಿದ ತಕ್ಷಣ ಅದೇ 30 ಪ್ರಶ್ನೆಗಳ ಪೋಸ್ಟ್-ಟೆಸ್ಟ್. ಎರಡು ಸಲದ ಅಂಕ ಹೋಲಿಸುವ ಪೇರ್ಡ್ ಟಿ-ಟೆಸ್ಟ್ ಹಾಕಿದರೆ ಮುಗಿಯಿತು. ನನ್ನ ಗೈಡ್‌ಗೆ ಇದು ಒಪ್ಪಿಗೆ, ಸಮಯಕ್ಕೆ ಸರಿಯಾಗಿ ಮುಗಿಯುತ್ತದೆ ಅಂತ. ಆದರೆ ಇದೇ ಥರದ ಪ್ರಬಂಧಗಳನ್ನು ಓದುತ್ತಾ ಹೋದ ಹಾಗೆ ನನಗೆ ಒಂದು ಅನುಮಾನ ಶುರುವಾಗಿದೆ. ನಾನು ಓದಿದ ಎಲ್ಲದರಲ್ಲೂ ಅಂಕ ಏರಿದೆ, ಎಲ್ಲದರಲ್ಲೂ ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ (ವ್ಯತ್ಯಾಸ ಬರೀ ಆಕಸ್ಮಿಕ ಅಲ್ಲ ಅಂತ ಒಪ್ಪುವ ರೂಢಿಯ ಮಿತಿ), ಎಲ್ಲರೂ "ತರಬೇತಿ ಪರಿಣಾಮಕಾರಿ" ಅಂತ ಬರೆದಿದ್ದಾರೆ. ಹೇಗೆ ಮಾಡಿದರೂ ಗೆಲ್ಲುವುದೇ ಆದರೆ ಅದು ಪರೀಕ್ಷೆ ಹೇಗಾಗುತ್ತದೆ?

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ "ಹಾನಿಯಿಲ್ಲದ ಔಷಧೋಪಚಾರ" ಅನ್ನುವ ಗುರಿ ಇಟ್ಟುಕೊಂಡು ಹೊರಟಿತು. ಔಷಧಗಳಿಂದ ಆಗುವ, ತಡೆಯಬಹುದಾದ ಗಂಭೀರ ಹಾನಿಯನ್ನು 5 ವರ್ಷದಲ್ಲಿ ಅರ್ಧಕ್ಕೆ ಇಳಿಸಬೇಕು ಅಂತ. ಈ ತಪ್ಪುಗಳಿಗೆ ಜಗತ್ತು ತೆರುವ ಬೆಲೆ ವರ್ಷಕ್ಕೆ ಸುಮಾರು 4,200 ಕೋಟಿ ಡಾಲರ್ ಅಂತ ಆಗ ಅಂದಾಜು ಮಾಡಿದ್ದರು. ಅಷ್ಟು ದೊಡ್ಡ ವಿಷಯದ ಮೇಲೆ ಕೆಲಸ ಮಾಡಿ ಕೊನೆಗೆ ನನ್ನ ಕೈಗೆ ಬರುವುದು "ಅಂಕ 14ರಿಂದ 23ಕ್ಕೆ ಹೋಯಿತು" ಅನ್ನುವ ಒಂದು ಸಾಲು ಮಾತ್ರ ಅಂದರೆ ಮನಸ್ಸು ಒಪ್ಪುತ್ತಿಲ್ಲ. ದುಡ್ಡಿಲ್ಲ, ಬೇರೆ ಬ್ಯಾಚ್ ಸಿಗುವುದಿಲ್ಲ, ವರ್ಷಗಟ್ಟಲೆ ಕಾಯಲೂ ಆಗುವುದಿಲ್ಲ. ಇಷ್ಟರೊಳಗೇ ಏನಾದರೂ ಅರ್ಥ ಇರುವ ಅಧ್ಯಯನ ಮಾಡಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ.


ಪಾಠಪರೀಕ್ಷೆ:

ನಿಮ್ಮ ಅನುಮಾನ ಸರಿಯಾಗಿದೆ. ಯಾರು ಏನೇ ಹೇಳಿದರೂ ಅದನ್ನು ಬಿಡಬೇಡಿ.

ಒಂದು ಗಂಟೆ ಪಾಠ ಮಾಡಿ, ಹುಡುಗರು ಬೆಂಚಿನಿಂದ ಏಳುವ ಮುಂಚೆಯೇ ಅದೇ ಪ್ರಶ್ನೆಪತ್ರಿಕೆ ಮತ್ತೆ ಕೈಗೆ ಕೊಟ್ಟರೆ, ವಿಷಯ ಯಾವುದಾದರೂ ಅಂಕ ಏರಿಯೇ ಏರುತ್ತದೆ. ಮೊದಲ ಪರೀಕ್ಷೆಯಲ್ಲೇ ಪ್ರಶ್ನೆ ನೋಡಿರುತ್ತಾರೆ, ಪಾಠ ಕೇಳುವಾಗ ಆ ಉತ್ತರಗಳಿಗೇ ಕಿವಿ ನೆಟ್ಟಿರುತ್ತಾರೆ. ಪ್ರಿ-ಟೆಸ್ಟ್ ಅನ್ನುವುದೇ ಅರ್ಧ ಪಾಠ ಮಾಡಿಬಿಡುತ್ತದೆ. ಇದು ಹಳೆಯ ತೊಂದರೆ. ಇದಕ್ಕೋಸ್ಕರವೇ ಮನಶ್ಶಾಸ್ತ್ರಜ್ಞ ಸಾಲಮನ್ 1949ರಲ್ಲಿ ನಾಲ್ಕು ಗುಂಪಿನ ವಿನ್ಯಾಸ ಕೊಟ್ಟರು. ಎರಡು ಗುಂಪಿಗೆ ಪ್ರಿ-ಟೆಸ್ಟ್ ಇರುತ್ತದೆ, ಇನ್ನೆರಡಕ್ಕೆ ಇರುವುದಿಲ್ಲ. 60 ಜನರಲ್ಲಿ ಅಷ್ಟು ಮಾಡುವುದಕ್ಕೆ ನಿಮಗೆ ಆಗುವುದಿಲ್ಲ, ಆದರೆ ತೊಂದರೆ ಎಲ್ಲಿದೆ ಅಂತ ಗೊತ್ತಿರಲಿ.

ಇನ್ನೊಂದು, ತಕ್ಷಣದ ಅಂಕ ನಮ್ಮನ್ನು ದಾರಿ ತಪ್ಪಿಸುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ ಅವರ 2006ರ ಪ್ರಯೋಗ ಓದಿದ್ದೀರಾ? ಒಂದು ಪಠ್ಯವನ್ನು ಕೆಲವರು ಎರಡು ಸಲ ಓದಿದರು. ಇನ್ನು ಕೆಲವರು ಒಂದು ಸಲ ಓದಿ, ಆಮೇಲೆ ನೆನಪಿನಿಂದ ಬರೆದರು. 5 ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದೆ, 81 ಶೇಕಡಾ, ಇನ್ನೊಂದು ಗುಂಪು 75. ಒಂದು ವಾರ ಬಿಟ್ಟು ಕೇಳಿದಾಗ ಪೂರ್ತಿ ತಿರುಗುಮುರುಗು. ನೆನಪಿನಿಂದ ಬರೆದವರಿಗೆ 56, ಎರಡು ಸಲ ಓದಿದವರಿಗೆ 42. ಅಂದ್ರೆ ಅದೇ ದಿನ ಅಳೆದವನು ಸೋತ ಪದ್ಧತಿಯನ್ನೇ ಗೆದ್ದಿತು ಅಂತ ಬರೆದುಕೊಂಡು ಹೋಗುತ್ತಿದ್ದ. ನಿಮ್ಮ ಯೋಜನೆಯಲ್ಲಿ ಇರುವುದು ಅದೇ ಅಪಾಯ.

ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿ ಅಳೆಯುವುದಕ್ಕೆ ನಾಲ್ಕು ಹಂತ ಹೇಳಿದರು. ಹಿಡಿಸಿತಾ, ಕಲಿತರಾ, ಕೆಲಸದಲ್ಲಿ ನಡೆ ಬದಲಾಯಿತಾ, ಕೊನೆಗೆ ಫಲ ಸಿಕ್ಕಿತಾ. ನಮ್ಮ ಕ್ಷೇತ್ರದ ಪ್ರಬಂಧಗಳು ಜಾಸ್ತಿ ಮೊದಲೆರಡು ಹಂತದಲ್ಲೇ ನಿಂತುಬಿಡುತ್ತವೆ. ನಾಲ್ಕನೆಯದು, ಅಂದ್ರೆ ರೋಗಿಗೆ ಹಾನಿ ಕಡಿಮೆಯಾಯಿತಾ ಅನ್ನುವುದು, ಒಬ್ಬ ವಿದ್ಯಾರ್ಥಿನಿಯ ಪ್ರಬಂಧಕ್ಕೆ ಎಟುಕುವುದಿಲ್ಲ. ಆದರೆ ಎರಡಕ್ಕೂ ಮೂರಕ್ಕೂ ನಡುವೆ ಒಂದು ಜಾಗ ಇದೆ, ಮಾಡಿ ತೋರಿಸುವುದು. ವೈದ್ಯಕೀಯ ಶಿಕ್ಷಣದ ಬಗ್ಗೆ ಮಿಲ್ಲರ್ 1990ರಲ್ಲಿ ಹೇಳಿದ್ದು ಅದನ್ನೇ. ಗೊತ್ತಿರುವುದು ಬೇರೆ, ಹೇಗೆ ಅಂತ ಗೊತ್ತಿರುವುದು ಬೇರೆ, ಮಾಡಿ ತೋರಿಸುವುದು ಬೇರೆ, ನಿತ್ಯದ ಕೆಲಸದಲ್ಲಿ ಮಾಡುವುದು ಬೇರೆ.

ಹಾಗಾಗಿ ನನ್ನ ಸಲಹೆ ಇಷ್ಟೇ. ಬಹು ಆಯ್ಕೆ ಪ್ರಶ್ನೆ ಬಿಡಿ. ಒಂದು ಕಟ್ಟು ಪ್ರಿಸ್ಕ್ರಿಪ್ಷನ್ ಮಾಡಿ, ಜೊತೆಗೆ ರೋಗಿಯ ಸಣ್ಣ ವಿವರ, ಲ್ಯಾಬ್ ವರದಿ ಇಡಿ. ಕೆಲವದರಲ್ಲಿ ತಪ್ಪು ಅಡಗಿರಲಿ. ಪಾಠ ಆಗಿ ಕೆಲವು ವಾರ ಕಳೆದ ಮೇಲೆ ಕೊಟ್ಟು "ಇದನ್ನು ಕೊಡುತ್ತೀರಾ, ಇಲ್ಲ ತಡೆಯುತ್ತೀರಾ, ತಡೆದರೆ ಡಾಕ್ಟರಿಗೆ ಏನು ಹೇಳುತ್ತೀರಾ" ಅಂತ ಕೇಳಿ.


ವಾರ್ಡ್_ಫಾರ್ಮಸಿಸ್ಟ್:

ಮೇಲಿನವರು ಹೇಳಿದ್ದು ಒಪ್ಪುತ್ತೇನೆ. ಆದರೆ ಆಸ್ಪತ್ರೆ ಕಡೆಯಿಂದ ಕೆಲವು ಮಾತು ಹೇಳಲೇಬೇಕು. "ಗೊತ್ತಿಲ್ಲದೆ ತಪ್ಪು ಮಾಡುತ್ತಾರೆ, ಕಲಿಸಿದರೆ ಸರಿಹೋಗುತ್ತದೆ" ಅನ್ನುವ ನಂಬಿಕೆ ಮೇಲೆಯೇ ಇಂಥ ಅಧ್ಯಯನಗಳೆಲ್ಲ ನಿಂತಿರುತ್ತವೆ. ಅದು ಅರ್ಧ ನಿಜ ಮಾತ್ರ.

ಬ್ರಿಟನ್ನಿನಲ್ಲಿ 2009ರಲ್ಲಿ ಈಕ್ವಿಪ್ ಅಂತ ಒಂದು ದೊಡ್ಡ ಅಧ್ಯಯನ ಬಂತು. 19 ಆಸ್ಪತ್ರೆಗಳು, ಒಂದು ಲಕ್ಷದ ಇಪ್ಪತ್ತನಾಲ್ಕು ಸಾವಿರಕ್ಕೂ ಜಾಸ್ತಿ ಔಷಧದ ಆರ್ಡರ್‌ಗಳು. ತಪ್ಪಿದ್ದದ್ದು 8.9 ಶೇಕಡಾದಲ್ಲಿ. ಎಲ್ಲರೂ ಅಂದುಕೊಂಡಿದ್ದು ಹೊಸದಾಗಿ ಸೇರಿದ ಕಿರಿಯ ಡಾಕ್ಟರುಗಳೇ ಇದಕ್ಕೆ ಕಾರಣ ಅಂತ. ನೋಡಿದರೆ ಮೊದಲ ವರ್ಷದವರದು 8.4, ಎರಡನೇ ವರ್ಷದವರದು 10.3, ಹಿರಿಯ ಕನ್ಸಲ್ಟೆಂಟುಗಳದ್ದೂ 5.9. ಯಾಕೆ ಹೀಗಾಯಿತು ಅಂತ ಮಾತಾಡಿಸಿದಾಗ ಬಂದ ಉತ್ತರಗಳಲ್ಲಿ ಸುಸ್ತು, ಗಡಿಬಿಡಿ, ಗೊತ್ತಿಲ್ಲದ ರೋಗಿ, ಯಾರೋ ಬೇರೆಯವರು ನೋಡುತ್ತಾರೆ ಅನ್ನುವ ಭರವಸೆ, ಇವೆಲ್ಲ ಒಟ್ಟಿಗೆ ಇದ್ದವು. ಆ ತಪ್ಪುಗಳಲ್ಲಿ ಬಹುತೇಕ ಎಲ್ಲವೂ ರೋಗಿಗೆ ತಲುಪುವ ಮುಂಚೆ ಸಿಕ್ಕಿಬಿದ್ದವು, ಮತ್ತೆ ಹಿಡಿದವರಲ್ಲಿ ಫಾರ್ಮಸಿಸ್ಟರೇ ಮುಖ್ಯ. ನಿಮ್ಮ ವಿದ್ಯಾರ್ಥಿಗಳು ನಾಳೆ ನಿಲ್ಲುವ ಜಾಗ ಅದು, ಆದ್ದರಿಂದ ಹೇಳಿದೆ.

ನರ್ಸ್‌ಗಳ ಕೆಲಸ ನೋಡಿ. ಸಿಡ್ನಿಯಲ್ಲಿ ವೆಸ್ಟ್‌ಬ್ರೂಕ್ ತಂಡ ಮಾಡಿದ, 2010ರಲ್ಲಿ ಬಂದ ಅಧ್ಯಯನದಲ್ಲಿ ಔಷಧ ಕೊಡುವಾಗ ನಡುವೆ ಒಬ್ಬರು ಬಂದು ಮಾತಾಡಿಸಿದ ಪ್ರತಿ ಸಲಕ್ಕೂ ಕ್ಲಿನಿಕಲ್ ತಪ್ಪು ಸುಮಾರು 12.7 ಶೇಕಡಾ ಜಾಸ್ತಿ ಆಗುವುದು ಕಂಡುಬಂತು. ಇದಕ್ಕೆ ಯಾವ ಸ್ಲೈಡ್ ಪಾಠ ಮದ್ದು?

ಆಮೇಲೆ ದಯವಿಟ್ಟು ಒಂದು ಕೆಲಸ ಮಾಡಬೇಡಿ. ಪಾಠ ಆದ ಮೇಲೆ ಆಸ್ಪತ್ರೆಯ ಇನ್ಸಿಡೆಂಟ್ ರಿಪೋರ್ಟ್, ಅಂದ್ರೆ ತಪ್ಪಾದಾಗ ಸಿಬ್ಬಂದಿಯೇ ಬರೆದುಕೊಡುವ ವರದಿ, ಎಣಿಸಿ "ತಪ್ಪು ಕಡಿಮೆಯಾಯಿತು" ಅನ್ನಬೇಡಿ. 2002ರಲ್ಲಿ ಫ್ಲಿನ್ ಮತ್ತು ಜೊತೆಗಾರರು 36 ಆಸ್ಪತ್ರೆ, ಆರೈಕೆ ಕೇಂದ್ರಗಳಲ್ಲಿ 2,556 ಡೋಸ್‌ಗಳನ್ನು ಮೂರು ರೀತಿಯಲ್ಲಿ ನೋಡಿದರು. ಖಚಿತವಾದ ತಪ್ಪು 457. ಪಕ್ಕದಲ್ಲಿ ನಿಂತು ನೋಡಿದವರಿಗೆ ಅದರಲ್ಲಿ 300 ಸಿಕ್ಕಿದವು. ಕೇಸ್ ಶೀಟ್ ತಿರುವಿದವರಿಗೆ 17. ಇನ್ಸಿಡೆಂಟ್ ರಿಪೋರ್ಟ್‌ನಲ್ಲಿ ಒಂದೇ ಒಂದು. ಒಳ್ಳೆ ತರಬೇತಿ ಕೊಟ್ಟರೆ ಜನ ಧೈರ್ಯವಾಗಿ ವರದಿ ಮಾಡುತ್ತಾರೆ, ಸಂಖ್ಯೆ ಏರುತ್ತದೆ. ಬೈದು ಹೆದರಿಸಿದರೆ ಸಂಖ್ಯೆ ಇಳಿಯುತ್ತದೆ. ಆ ಲೆಕ್ಕದಿಂದ ಸುರಕ್ಷತೆ ಗೊತ್ತಾಗುವುದಿಲ್ಲ.

ಇಂಟರ್ನ್‌ಗಳಲ್ಲಿ ನಾನು ಜಾಸ್ತಿ ನೋಡಿರುವ ತೊಂದರೆ ಬೇರೆಯದೇ. ತಪ್ಪು ಕಣ್ಣಿಗೆ ಬೀಳುತ್ತದೆ, ಬಾಯಿ ಬರುವುದಿಲ್ಲ. ಪ್ರಿಸ್ಕ್ರಿಪ್ಷನ್ ಹಿಡಿದುಕೊಂಡು ನಿಂತಿರುತ್ತಾರೆ, ಮೂರು ಸಲ ಪುಸ್ತಕ ನೋಡುತ್ತಾರೆ, ಡಾಕ್ಟರಿಗೆ ಫೋನ್ ಮಾಡು ಅಂದರೆ ಕೈ ನಡುಗುತ್ತದೆ. ಫೋನ್ ಎತ್ತಿದ ಮೇಲೆ "ಸರ್, ಇದು ಸರಿ ಇದೆಯಾ ಅಂತ ಒಂದು ಸಲ..." ಅಂತ ಶುರು ಮಾಡುತ್ತಾರೆ, ಆ ಕಡೆಯಿಂದ "ಸರಿ ಇದೆ" ಅಂತ ಬರುತ್ತದೆ, ಅಲ್ಲಿಗೆ ಮುಗಿಯಿತು. ರೋಗಿ ಯಾರು, ಏನು ಬರೆದಿದೆ, ಏನು ಅಪಾಯ, ಬದಲಿಗೆ ಏನು ಮಾಡಬಹುದು, ಈ ನಾಲ್ಕನ್ನು ಅರ್ಧ ನಿಮಿಷದಲ್ಲಿ ಹೇಳುವುದನ್ನು ಯಾರೂ ಅವರಿಗೆ ಕಲಿಸಿರುವುದಿಲ್ಲ. ಹೇಳಿದರೆ ಡಾಕ್ಟರುಗಳು ಕೇಳುತ್ತಾರೆ. ಲೀಪ್ ತಂಡದ 1999ರ ಅಧ್ಯಯನ ಇದೆ. ಐಸಿಯು ರೌಂಡ್ಸ್‌ನಲ್ಲಿ ಫಾರ್ಮಸಿಸ್ಟರು ಜೊತೆಗೆ ಇದ್ದು ಕೊಟ್ಟ 366 ಸಲಹೆಗಳಲ್ಲಿ 362 ಒಪ್ಪಿಗೆಯಾದವು. ಔಷಧ ಬರೆಯುವಾಗಿನ ತಪ್ಪಿನಿಂದ ಆಗುವ, ತಡೆಯಬಹುದಾದ ಹಾನಿ ಸಾವಿರ ರೋಗಿ-ದಿನಕ್ಕೆ (ಒಬ್ಬ ರೋಗಿ ಒಂದು ದಿನ ಇದ್ದರೆ ಒಂದು ರೋಗಿ-ದಿನ) 10.4 ಇದ್ದದ್ದು 3.5ಕ್ಕೆ ಬಂತು. ನೀವು ಏನಾದರೂ ಕಲಿಸುವುದಾದರೆ ಆ ಫೋನ್ ಮಾತು ಕಲಿಸಿ, ಅದನ್ನೇ ಅಳೆಯಿರಿ.


ಹಳೇಮೇಷ್ಟ್ರು:

ವಾರ್ಡ್ ಫಾರ್ಮಸಿಸ್ಟರ ಮಾತಿಗೆ ಸ್ವಲ್ಪ ತಡೆ. "ಗೊತ್ತಿಲ್ಲದ್ದು ಕಾರಣ ಅಲ್ಲ" ಅಂತ ಹೇಳುವುದು ಈಗ ರೂಢಿಯಾಗಿಬಿಟ್ಟಿದೆ. ಹಾಗೆ ಹೇಳಿಹೇಳಿ ಪಾಠವನ್ನೇ ಹಗುರ ಮಾಡುತ್ತಿದ್ದೇವೆ. ಅದೇ ಲೀಪ್ ತಂಡ 1995ರಲ್ಲಿ 334 ತಪ್ಪುಗಳ ಬೇರು ಹುಡುಕಿದಾಗ ಎಲ್ಲಕ್ಕಿಂತ ಜಾಸ್ತಿ, 29 ಶೇಕಡಾ, ಸಿಕ್ಕಿದ್ದು ಔಷಧದ ಬಗ್ಗೆ ತಿಳಿವಳಿಕೆ ಬೇಕಾದವರಿಗೆ ಬೇಕಾದಾಗ ತಲುಪದೆ ಇದ್ದದ್ದು. ಅವರು ಅದನ್ನು ವ್ಯವಸ್ಥೆಯ ಸೋಲು ಅಂತಲೇ ಕರೆದರು, ನಿಜ. ಆದರೂ ಕೊರತೆ ಇದ್ದದ್ದು ತಿಳಿವಳಿಕೆಯದೇ ತಾನೇ.

ಮೆಥೊಟ್ರೆಕ್ಸೇಟ್ ತಗೊಳ್ಳಿ. ಸಂಧಿವಾತಕ್ಕೆ ಅದು ವಾರಕ್ಕೆ ಒಂದು ದಿನ ಕೊಡುವ ಮಾತ್ರೆ. ಯಾರೋ ದಿನಾ ಒಂದು ಅಂತ ಬರೆದುಬಿಟ್ಟರೆ, ಫಾರ್ಮಸಿಸ್ಟ್ ಎಷ್ಟೇ ನಿದ್ದೆ ಮಾಡಿ, ಎಷ್ಟೇ ಶಾಂತವಾದ ಕೋಣೆಯಲ್ಲಿ ಕೂತಿದ್ದರೂ, ವಾರಕ್ಕೊಮ್ಮೆ ಅನ್ನುವುದು ತಲೆಯಲ್ಲಿ ಇಲ್ಲದಿದ್ದರೆ ಅದು ಕಣ್ಣಿಗೇ ಬೀಳುವುದಿಲ್ಲ. ಆ ತಪ್ಪಿನಿಂದ ಮೂಳೆ ಮಜ್ಜೆ ಕುಸಿದು ಜನ ಸತ್ತಿದ್ದಾರೆ. ಕ್ಯಾನ್ಸರ್ ಔಷಧ ವಿನ್‌ಕ್ರಿಸ್ಟಿನ್ ರಕ್ತನಾಳಕ್ಕೆ ಮಾತ್ರ, ಬೆನ್ನುಹುರಿಯ ದ್ರವಕ್ಕೆ ಹೋದರೆ ಸಾವು ಹೆಚ್ಚುಕಡಿಮೆ ಖಚಿತ. ಇದೂ ಗೊತ್ತಿರಬೇಕಾದ ವಿಷಯವೇ.

ನನ್ನ ತಕರಾರು ಪಾಠದ ಬಗ್ಗೆ ಅಲ್ಲ, ಎಂಥ ಪಾಠ ಅನ್ನುವುದರ ಬಗ್ಗೆ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಡೋಸ್, ಸರಿಯಾದ ಮಾರ್ಗ, ಸರಿಯಾದ ಸಮಯ ಅಂತ ಐದು ಹೇಳಿ ಕಳಿಸಿದರೆ ಏನೂ ಹೇಳಿದ ಹಾಗಾಗಲಿಲ್ಲ. ತಪ್ಪು ಔಷಧ ಕೊಟ್ಟವರು ಯಾರೂ ತಪ್ಪು ಅಂತ ಗೊತ್ತಿದ್ದು ಕೊಟ್ಟಿರುವುದಿಲ್ಲ. ನಿರ್ದಿಷ್ಟವಾಗಿ ಕಲಿಸಬೇಕು. 1.0 ಅಂತ ಬರೆದರೆ ಚುಕ್ಕೆ ಮಸುಕಾಗಿ 10 ಆಗುತ್ತದೆ, .5 ಅಂತ ಬರೆದರೆ 5 ಆಗುತ್ತದೆ. ಇನ್ಸುಲಿನ್ ಯೂನಿಟ್‌ಗೆ ಹಾಕುವ ಇಂಗ್ಲಿಷ್ ಯು ಅಕ್ಷರ ಸೊನ್ನೆ ಥರ ಕಂಡು 4 ಯೂನಿಟ್ 40 ಆಗುತ್ತದೆ. ಹೈಡ್ರಾಲಜಿನ್, ಹೈಡ್ರಾಕ್ಸಿಜಿನ್ ಒಂದೇ ಥರ ಕೇಳಿಸುತ್ತವೆ. ಒಂದು ಬಿಪಿಗೆ, ಇನ್ನೊಂದು ತುರಿಕೆಗೆ. ಅಮೆರಿಕದಲ್ಲಿ ಹೊಟ್ಟೆಯ ಆಮ್ಲಕ್ಕೆ ಕೊಡುವ ಲೋಸೆಕ್ ಅನ್ನುವ ಹೆಸರು ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಜೊತೆ ಕಲಸಿಹೋಗುತ್ತಿದೆ ಅಂತ 1990ರಲ್ಲಿ ಅದನ್ನು ಪ್ರೈಲೋಸೆಕ್ ಅಂತ ಬದಲಾಯಿಸಬೇಕಾಯಿತು. ಹೀಗೆ ಒಂದೊಂದನ್ನೂ ಹಿಡಿದು, ಬರೆದದ್ದನ್ನು ಬೋರ್ಡ್ ಮೇಲೆ ತೋರಿಸಿ, ವಿದ್ಯಾರ್ಥಿಯ ಬಾಯಲ್ಲೇ "ಇದು ಹೇಗೆ ತಪ್ಪಬಹುದು" ಅಂತ ಹೇಳಿಸಬೇಕು. ಆಗ ನಿಲ್ಲುತ್ತದೆ.


ಹೊಸಪುಟ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಆ 300, 17, 1 ಅನ್ನುವ ಲೆಕ್ಕವನ್ನು ಗೈಡ್‌ಗೆ ತೋರಿಸಿದೆ, ಅವರೂ ಸುಮ್ನೆ ಕೂತು ಓದಿದರು. ಯೋಜನೆ ಬದಲಾಯಿಸುವುದಕ್ಕೆ ಒಪ್ಪಿದ್ದಾರೆ.

ಈಗಿನ ಆಲೋಚನೆ ಇದು. ಸ್ಲೈಡ್ ಪಾಠದ ಬದಲು, ತಪ್ಪು ಅಡಗಿರುವ ಪ್ರಿಸ್ಕ್ರಿಪ್ಷನ್‌ಗಳನ್ನು ಸಣ್ಣ ಗುಂಪಿನಲ್ಲಿ ಬಿಡಿಸುವುದು, ಆಮೇಲೆ ಫೋನ್ ಮಾತಿನ ಅಭ್ಯಾಸ. ನಾಲ್ಕು ವಾರ ಬಿಟ್ಟು ಹೊಸ ಪ್ರಿಸ್ಕ್ರಿಪ್ಷನ್‌ಗಳ ಪರೀಕ್ಷೆ. ಮೂರು ಪ್ರಶ್ನೆ ಇವೆ. ಒಂದೇ ಬ್ಯಾಚ್ ಇರುವಾಗ ಹೋಲಿಸುವುದಕ್ಕೆ ಇನ್ನೊಂದು ಗುಂಪು ಎಲ್ಲಿಂದ ತರುವುದು? ಅರ್ಧ ಜನಕ್ಕೆ ಕಲಿಸಿ ಅರ್ಧ ಜನಕ್ಕೆ ಕಲಿಸದೆ ಇರುವುದು ಸರಿಯಾ? ಮತ್ತೆ ಕೊನೆಗೆ ವಾರ್ಡಿಗೆ ಹೋಗಿ ನಿಜವಾದ ಡೋಸ್‌ಗಳನ್ನೂ ನೋಡಿ ಸೇರಿಸಲಾ, ಪ್ರಬಂಧಕ್ಕೆ ತೂಕ ಬರುತ್ತದಾ?


ಅಂಕಿಲೆಕ್ಕ:

ಸಂಖ್ಯಾಶಾಸ್ತ್ರದವನು ನಾನು, ಔಷಧದ ವಿಷಯ ಗೊತ್ತಿಲ್ಲ. ಆದರೆ ಇಂಥ ಪ್ರಬಂಧಗಳ ಡೇಟಾ ನನ್ನ ಬಳಿ ಬರುತ್ತಿರುತ್ತದೆ, ಎಲ್ಲ ಮುಗಿದ ಮೇಲೆ. ನೀವು ಮುಂಚೆಯೇ ಕೇಳಿದ್ದು ಒಳ್ಳೆಯದಾಯಿತು.

ಮೊದಲು ಗುಂಪು. 60 ಜನರನ್ನು ಚೀಟಿ ಎತ್ತಿ ಎರಡು ಮಾಡಿ. ಮೊದಲ ಗುಂಪಿಗೆ ಈಗ ತರಬೇತಿ, ಎರಡನೆಯದಕ್ಕೆ ಪರೀಕ್ಷೆ ಮುಗಿದ ಮೇಲೆ ಅದೇ ತರಬೇತಿ. ಯಾರಿಗೂ ತಪ್ಪಿಹೋಗುವುದಿಲ್ಲ, ಸ್ವಲ್ಪ ಕಾಯುತ್ತಾರೆ ಅಷ್ಟೇ, ಹಾಗಾಗಿ ಎಥಿಕ್ಸ್ ಕಮಿಟಿ ಎದುರು ನಿಲ್ಲುವುದೂ ಸುಲಭ. ಇನ್ನೂ ಒಳ್ಳೆಯದು ಏನಂದರೆ, ಕಾಯುವ ಗುಂಪಿಗೆ ಅದೇ ಅವಧಿಯ ಮಾಮೂಲಿ ಸ್ಲೈಡ್ ಪಾಠ ಕೊಡಿ. ಆಗ ನಿಮ್ಮ ಪ್ರಶ್ನೆಯೇ ಚೊಕ್ಕವಾಗುತ್ತದೆ. "ಕಲಿಸಿದರೆ ಏನೂ ಕಲಿಸದೆ ಇರುವುದಕ್ಕಿಂತ ಮೇಲಾ" ಅಂತ ಯಾರಿಗೂ ಬೇಕಾಗಿಲ್ಲ. "ಹೀಗೆ ಕಲಿಸಿದರೆ ಹಾಗೆ ಕಲಿಸುವುದಕ್ಕಿಂತ ಮೇಲಾ" ಅನ್ನುವುದು ಬೇಕು. ಇಬ್ಬರೂ ಒಂದೇ ಹಾಸ್ಟೆಲ್‌ನಲ್ಲಿ ಇದ್ದರೆ ಮಾತಾಡಿಕೊಳ್ಳುತ್ತಾರೆ, ವ್ಯತ್ಯಾಸ ಸ್ವಲ್ಪ ಕರಗುತ್ತದೆ. ಅದನ್ನು ಬರೆದು ಒಪ್ಪಿಕೊಳ್ಳಿ.

ಗುಂಪಿಗೆ 30 ಅಂದ್ರೆ ಎಷ್ಟು ಸೂಕ್ಷ್ಮ ಅಂತ ಗೊತ್ತಿರಲಿ. 80 ಶೇಕಡಾ ಪವರ್‌ನಲ್ಲಿ, ಅಂದ್ರೆ ನಿಜವಾದ ವ್ಯತ್ಯಾಸ ನೂರಕ್ಕೆ 80 ಸಲ ಸಿಕ್ಕಿಬೀಳಬೇಕು ಅಂದರೆ, ನಿಮಗೆ ಕಾಣುವುದು ಸುಮಾರು 0.74 ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಅಷ್ಟು ದೊಡ್ಡ ವ್ಯತ್ಯಾಸ ಮಾತ್ರ. 0.5 ನೋಡಬೇಕು ಅಂದರೆ ಗುಂಪಿಗೆ 64 ಜನ ಬೇಕು. ಆದ್ದರಿಂದ ಪಿ ವ್ಯಾಲ್ಯೂ 0.05 ದಾಟಿಬಿಟ್ಟರೆ "ಪರಿಣಾಮ ಇಲ್ಲ" ಅಂತ ಬರೆಯಬೇಡಿ. ವ್ಯತ್ಯಾಸ ಎಷ್ಟು, ಅದರ 95 ಶೇಕಡಾ ಇಂಟರ್ವಲ್, ಅಂದ್ರೆ ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ, ಎಲ್ಲಿಂದ ಎಲ್ಲಿಗೆ ಅಂತ ಕೊಡಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ತಪ್ಪಿರುವ ಪ್ರಿಸ್ಕ್ರಿಪ್ಷನ್ ಮಾತ್ರ ಕೊಟ್ಟರೆ ನಿಮ್ಮ ಪರೀಕ್ಷೆ ಕೆಡುತ್ತದೆ. ತರಬೇತಿ ಪಡೆದ ವಿದ್ಯಾರ್ಥಿ ಎಲ್ಲದಕ್ಕೂ "ತಪ್ಪಿದೆ" ಅಂದರೂ ಪೂರ್ತಿ ಅಂಕ! ಅರ್ಧದಷ್ಟಾದರೂ ಪೂರ್ತಿ ಸರಿಯಾದ ಪ್ರಿಸ್ಕ್ರಿಪ್ಷನ್ ಇರಲಿ. ಆಗ ಎರಡು ಸಂಖ್ಯೆ ಸಿಗುತ್ತವೆ: ತಪ್ಪಿದ್ದಾಗ ಎಷ್ಟು ಹಿಡಿದರು, ತಪ್ಪಿಲ್ಲದಾಗ ಎಷ್ಟು ಸಲ ಸುಮ್ಮನೆ ತಡೆದರು. ಎರಡನ್ನೂ ಸೇರಿಸಿ ನೋಡಿದಾಗಲೇ ಆ ವ್ಯಕ್ತಿಗೆ ವ್ಯತ್ಯಾಸ ಗೊತ್ತಾಗುತ್ತಿದೆಯಾ, ಇಲ್ಲ ಬರೀ ಅನುಮಾನ ಜಾಸ್ತಿಯಾಗಿದೆಯಾ ಅಂತ ಹೇಳಲು ಬರುತ್ತದೆ. ರೇಡಿಯಾಲಜಿಯವರು ಎಕ್ಸ್‌ರೇ ಓದುವವರನ್ನು ಹೀಗೇ ಅಳೆಯುತ್ತಾರೆ.

ಪರೀಕ್ಷೆ ಶುರುವಾಗುವ ಮುಂಚೆ ಒಂದೇ ಒಂದು ಮುಖ್ಯ ಅಳತೆ ಯಾವುದು ಅಂತ ಬರೆದಿಡಿ. ಉತ್ತರಗಳಿಗೆ ಅಂಕ ಕೊಡುವವರಿಗೆ ಯಾರು ಯಾವ ಗುಂಪು ಅಂತ ಗೊತ್ತಾಗಬಾರದು. ಫೋನ್ ಮಾತಿಗೆ ಇಬ್ಬರು ಬೇರೆಬೇರೆಯಾಗಿ ಅಂಕ ಕೊಡಲಿ, ಇಬ್ಬರ ಅಂಕ ಎಷ್ಟು ಹೊಂದುತ್ತದೆ ಅಂತ ಕಾಪ್ಪಾ ಅನ್ನುವ ಅಳತೆಯಿಂದ ಲೆಕ್ಕ ಹಾಕಿ. ಹೊಂದದೆ ಇದ್ದರೆ ಅಂಕಪಟ್ಟಿ ಸರಿ ಮಾಡಬೇಕು ಅಂತ ಅರ್ಥ.

ವಾರ್ಡಿಗೆ ಹೋಗಿ ಡೋಸ್ ಎಣಿಸುವುದು ಬೇಡ. ಅದು ಬೇರೆಯದೇ ಅಧ್ಯಯನ.


ವಾರ್ಡ್_ಫಾರ್ಮಸಿಸ್ಟ್:

ಅಂಕಿಲೆಕ್ಕ ಅವರ ಆ ಸರಿಯಾದ ಪ್ರಿಸ್ಕ್ರಿಪ್ಷನ್ ಮಾತು ಬಂಗಾರ. ಆಸ್ಪತ್ರೆ ಕಂಪ್ಯೂಟರಿನಲ್ಲಿ ನಮಗೆ ದಿನಾ ಕಾಣುವ ರೋಗ ಇದೇ. ಸಾಫ್ಟ್‌ವೇರ್ ಎಲ್ಲದಕ್ಕೂ ಎಚ್ಚರಿಕೆ ಕೊಡುತ್ತದೆ, ಡಾಕ್ಟರುಗಳು ನೋಡದೆ ದಾಟಿಸುತ್ತಾರೆ. 2006ರಲ್ಲಿ ಬಂದ ಒಂದು ವಿಮರ್ಶೆಯಲ್ಲಿ ಔಷಧ ಸುರಕ್ಷತೆಯ ಎಚ್ಚರಿಕೆಗಳಲ್ಲಿ 49ರಿಂದ 96 ಶೇಕಡಾದಷ್ಟು ಹಾಗೆ ದಾಟಿಹೋಗುತ್ತವೆ ಅಂತ ಕಂಡಿತ್ತು. ಪ್ರತಿಯೊಂದಕ್ಕೂ ಫೋನ್ ಮಾಡುವ ಫಾರ್ಮಸಿಸ್ಟನ ಮಾತಿಗೂ ಅದೇ ಗತಿ ಬರುತ್ತದೆ. ನಿಜವಾದ ಅಪಾಯ ಬಂದ ದಿನ ಯಾರೂ ಕೇಳುವುದಿಲ್ಲ.

ವಾರ್ಡಿನ ಬಗ್ಗೆಯೂ ಒಪ್ಪುತ್ತೇನೆ, ಕಾರಣ ಸೇರಿಸುತ್ತೇನೆ. ಯಾವುದು ತಪ್ಪು ಅಂತ ಮೊದಲು ಗೆರೆ ಎಳೆಯಬೇಕು, ಆ ಗೆರೆ ಮೇಲೆ ಸಂಖ್ಯೆ ಕುಣಿಯುತ್ತದೆ. 2002ರ ಬಾರ್ಕರ್ ಅಧ್ಯಯನದಲ್ಲಿ 3,216 ಡೋಸ್‌ಗಳಲ್ಲಿ 605, ಅಂದ್ರೆ 19 ಶೇಕಡಾ ತಪ್ಪು. ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಅದರಲ್ಲಿ 43 ಶೇಕಡಾ ಹೊತ್ತು ತಪ್ಪಿ ಕೊಟ್ಟದ್ದು, 30 ಶೇಕಡಾ ಕೊಡದೇ ಬಿಟ್ಟದ್ದು, 17 ಶೇಕಡಾ ಡೋಸಿನ ಪ್ರಮಾಣ ತಪ್ಪಿದ್ದು. ಹಾನಿ ಆಗಬಹುದಾಗಿದ್ದು ಅಂತ ತೀರ್ಮಾನಿಸಿದ್ದು 7 ಶೇಕಡಾ. ಹೊತ್ತಿನ ತಪ್ಪನ್ನು ಬಿಟ್ಟರೆ ಚಿತ್ರವೇ ಬೇರೆ. ಬೇರೆಬೇರೆ ಪ್ರಬಂಧದ ಶೇಕಡಾವಾರು ಪಕ್ಕಪಕ್ಕ ಇಟ್ಟು ಹೋಲಿಸುವ ಮುಂಚೆ ಇದನ್ನು ನೋಡಿ.

ಇನ್ನೊಂದು, ಪಕ್ಕದಲ್ಲಿ ನಿಂತು ನೋಡುವಾಗ ತಪ್ಪು ಡೋಸ್ ರೋಗಿಯ ಕೈಗೆ ಹೋಗುತ್ತಿರುವುದು ಕಂಡರೆ ನೀವು ತಡೆಯಲೇಬೇಕು. ಡೇಟಾ ಕೆಡುತ್ತದೆ ಅಂತ ಸುಮ್ಮನಿರುವ ಹಾಗಿಲ್ಲ. ತಡೆದರೂ ಅದನ್ನು ತಪ್ಪು ಅಂತಲೇ ಎಣಿಸುತ್ತಾರೆ. ಇದಕ್ಕೆಲ್ಲ ತರಬೇತಿ ಬೇಕು, ಅನುಮತಿ ಬೇಕು. ಆದರೆ ಎಣಿಸುವುದಕ್ಕಲ್ಲದಿದ್ದರೂ ವಾರ್ಡಿಗೆ ಹೋಗಿ, ಔಷಧದ ಟ್ರಾಲಿ ಹಿಂದೆ ಓಡಾಡಿ. ನೀವು ಮಾಡುವ ಪ್ರಿಸ್ಕ್ರಿಪ್ಷನ್‌ಗಳು ನಿಜದ ಥರ ಇರಬೇಕಾದರೆ ಅದನ್ನು ನೋಡಿರಬೇಕು.


ಹೊಸಪುಟ:

ಹೋಗುತ್ತೇನೆ, ಖಂಡಿತ. ಸರಿಯಾದ ಪ್ರಿಸ್ಕ್ರಿಪ್ಷನ್ ಅಂದರೆ ಸುಮ್ನೆ ಒಂದು ಪ್ಯಾರಸಿಟಮಾಲ್ ಬರೆದಿಟ್ಟರೆ ಸಾಕಾ? ಯಾರಾದರೂ ನೋಡಿದ ತಕ್ಷಣ ಇದು ಸರಿ ಅಂತ ಗೊತ್ತಾಗಿಬಿಡುತ್ತದೆ ಅಲ್ವಾ?


ಹಳೇಮೇಷ್ಟ್ರು:

ಸಾಲದು. ಸರಿಯಾದದ್ದೂ ಅನುಮಾನ ಹುಟ್ಟಿಸುವ ಹಾಗಿರಬೇಕು. ಸ್ಟೆಂಟ್ ಹಾಕಿಸಿಕೊಂಡ ರೋಗಿಗೆ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡೂ ಇರುತ್ತವೆ. ಎರಡೂ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ಔಷಧಗಳೇ, ಅರೆಬರೆ ಓದಿದವರು ಒಂದನ್ನು ಹೊಡೆದುಹಾಕುತ್ತಾರೆ. ಅದು ಸರಿಯಾದ ಚಿಕಿತ್ಸೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಜೊತೆ ಫೋಲಿಕ್ ಆಮ್ಲ ಬರೆದಿಡಿ. ಒಂದು ಫೋಲೇಟ್ ಕೆಲಸ ತಡೆಯುತ್ತದೆ, ಇನ್ನೊಂದು ಫೋಲೇಟ್ ಕೊಡುತ್ತದೆ, ಆದರೂ ಅದು ಅಡ್ಡಪರಿಣಾಮ ಕಡಿಮೆ ಮಾಡಲು ಬೇಕಂತಲೇ ಕೊಡುವುದು. ಅದರ ಜೋಡಿಯಾಗಿ ಇನ್ನೊಂದು ಹಾಳೆಯಲ್ಲಿ ಮೆಥೊಟ್ರೆಕ್ಸೇಟ್ ಜೊತೆ ಟ್ರೈಮೆಥೊಪ್ರಿಮ್ ಇರುವ ಆಂಟಿಬಯಾಟಿಕ್ ಇಡಿ, ಅದು ನಿಜವಾದ ಅಪಾಯ. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುತ್ತಿರುವವರಿಗೆ ಮೆಟ್ರೊನಿಡಜೋಲ್ ಆಂಟಿಬಯಾಟಿಕ್, ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಇವೂ ಅಂಥ ಅಪಾಯಗಳೇ. ಎರಡನೆಯದು ಪೆನಿಸಿಲಿನ್ ಜಾತಿಯದೇ, ಆದರೆ ಹೆಸರಲ್ಲಿ ಪೆನಿಸಿಲಿನ್ ಅಂತ ಎಲ್ಲೂ ಇಲ್ಲ, ಅದಕ್ಕೇ ತಪ್ಪಿಸಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಬರೆದು ಲ್ಯಾಬ್ ವರದಿಯಲ್ಲಿ ಇಜಿಎಫ್‌ಆರ್ (ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಅನ್ನುವ ಅಳತೆ) 30ಕ್ಕಿಂತ ಕೆಳಗೆ ಇಡಿ. ವರದಿ ತಿರುವಿ ನೋಡುವವರು ಮಾತ್ರ ಹಿಡಿಯುತ್ತಾರೆ. ನೆಗಡಿ ಮಾತ್ರೆಯೊಳಗೆ ಪ್ಯಾರಸಿಟಮಾಲ್, ಜ್ವರಕ್ಕೆ ಬೇರೆ ಪ್ಯಾರಸಿಟಮಾಲ್. ಹಾಗೆ ನಿಮ್ಮ ಪ್ಯಾರಸಿಟಮಾಲ್‌ಗೂ ಕೆಲಸ ಸಿಗುತ್ತದೆ.

ನಿಜವಾದ ರೋಗಿಗಳ ಕಾಗದ ಬಳಸಬೇಡಿ. ಹೆಸರು ಅಳಿಸಿದರೂ ಬೇಡ, ನೀವೇ ಹೊಸದಾಗಿ ಬರೆಯಿರಿ. ಬರೆದ ಮೇಲೆ ಕೆಲಸದಲ್ಲಿ ಇರುವ ಇಬ್ಬರು ಮೂವರು ಫಾರ್ಮಸಿಸ್ಟರಿಗೆ, ಸಾಧ್ಯವಾದರೆ ಒಬ್ಬ ಡಾಕ್ಟರಿಗೂ ಕೊಟ್ಟು ಬಿಡಿಸಿ. ನೀವು ಸರಿ ಅಂದುಕೊಂಡದ್ದರಲ್ಲಿ ಅವರು ತಪ್ಪು ಹಿಡಿದರೆ ಆ ಹಾಳೆ ತೆಗೆದುಹಾಕಿ.


ಪಾಠಪರೀಕ್ಷೆ:

ಒಂದು ಬಿಟ್ಟುಹೋಗಿತ್ತು. ಪರೀಕ್ಷೆಯ ಅಂಕ ಆಂತರಿಕ ಅಂಕಕ್ಕೆ ಸೇರುವುದಿಲ್ಲ ಅಂತ ಒಪ್ಪಿಗೆ ಪತ್ರದಲ್ಲೇ ಬರೆಯಿರಿ. ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವವರು ಅವರಿಗೆ ಪಾಠ ಮಾಡುವ ಮೇಷ್ಟ್ರು ಆಗಿರಬಾರದು. ಮೇಷ್ಟ್ರು ಎದುರು ನಿಂತು "ಇಷ್ಟ ಇಲ್ಲ" ಅನ್ನುವುದಕ್ಕೆ ಯಾವ ವಿದ್ಯಾರ್ಥಿಗೂ ಆಗುವುದಿಲ್ಲ. ಹೆಸರಿನ ಬದಲು ಒಂದು ಕೋಡ್ ಕೊಡಿ, ಎರಡು ಸಲದ ಉತ್ತರಪತ್ರಿಕೆ ಜೋಡಿಸುವುದಕ್ಕೆ ಅದು ಸಾಕು.

ಪ್ರಿ-ಟೆಸ್ಟ್ ಬೇಕಾ ಅಂತಲೂ ಯೋಚಿಸಿ. ಚೀಟಿ ಎತ್ತಿ ಗುಂಪು ಮಾಡಿದ ಮೇಲೆ ಅದಿಲ್ಲದೆಯೂ ನಡೆಯುತ್ತದೆ. ಇಟ್ಟುಕೊಳ್ಳುವುದಾದರೆ ಕೊನೆಯ ಪರೀಕ್ಷೆಯ ಹಾಳೆಗಳು ಪೂರ್ತಿ ಬೇರೆ ಇರಲಿ. ಎರಡು ಕಟ್ಟು ಮಾಡಿ, ಅರ್ಧ ಜನಕ್ಕೆ ಮೊದಲು ಒಂದನೇ ಕಟ್ಟು, ಇನ್ನರ್ಧಕ್ಕೆ ಮೊದಲು ಎರಡನೆಯದು. ಕಟ್ಟುಗಳಲ್ಲಿ ಒಂದು ಸುಲಭ ಇದ್ದರೂ ಆಗ ಯಾರ ಪರವೂ ವಾಲುವುದಿಲ್ಲ.